ಜಾಕಿ ಹಾಲೋ ಗುಡಿಸಲುಗಳು: ಗೋಡೆ ಸಾಚಾ, ಹೊಗೆಯೊಂದೇ ಇಲ್ಲ

ಅಮೆರಿಕದ ನ್ಯೂಜೆರ್ಸಿಯ ಮಾರಿಸ್‌ಟೌನ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಅರ್ಧ ದಿನವಷ್ಟೇ ಇದ್ದರೆ ಸೇನಾಪತಿ ಜಾರ್ಜ್ ವಾಷಿಂಗ್ಟನ್ ತಂಗಿದ್ದ ಫೋರ್ಡ್ ಬಂಗಲೆಯನ್ನು ಬಿಟ್ಟರೂ ಪರವಾಗಿಲ್ಲ, ಕೆಲವು ಮೈಲಿ ಆಚೆಯ ಜಾಕಿ ಹಾಲೋ ಕಾಡನ್ನು ಬಿಡಬೇಡಿ. ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, 1779-80ರ ಚಳಿಗಾಲದಲ್ಲಿ ವಾಷಿಂಗ್ಟನ್ ಸೇನೆಯ ಸುಮಾರು 10,000 ಸಿಪಾಯಿಗಳು ಇದ್ದದ್ದು ಅಲ್ಲಿ. ಅವರು ಕಟ್ಟಿಕೊಂಡ ಸಾವಿರಕ್ಕೂ ಹೆಚ್ಚು ಗುಡಿಸಲುಗಳಲ್ಲಿ ಒಂದೂ ಉಳಿದಿಲ್ಲ. ಈಗ ಇಳಿಜಾರಿನಲ್ಲಿ ಕಾಣುವ ನಾಲ್ಕಾರು ಗುಡಿಸಲು ಮರುನಿರ್ಮಾಣ.

ಒಳಗೆ ನಿಂತು ಅಳತೆ ಹಾಕಿ ನೋಡಿ. ಅಗಲ ಸುಮಾರು 14 ಅಡಿ, ಉದ್ದ 15-16 ಅಡಿ, ಸೂರಿನ ಹತ್ತಿರ ಎತ್ತರ ಆರೂವರೆ. ಇಷ್ಟರಲ್ಲಿ 12 ಜನ. 30x40 ಸೈಟಿನಲ್ಲಿ ಇಂಥ ನಾಲ್ಕು ಗುಡಿಸಲು, ಅಂದರೆ ನಲವತ್ತೆಂಟು ಜನ ಹಿಡಿಸುತ್ತಾರೆ! ದಿಮ್ಮಿಗಳ ತುದಿಗೆ ಕಚ್ಚು ಹಾಕಿ ಒಂದರೊಳಗೊಂದು ಕೂರಿಸಿದ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ, ಮರಗೆಲಸ ಚೆನ್ನಾಗಿದೆ. ಸಂದಿಗೆ ಜೇಡಿಮಣ್ಣು. ತೊಂದರೆ ಶುರುವಾಗುವುದೂ ಅಲ್ಲೇ: ಆಗಷ್ಟೇ ಕಡಿದ ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಮಣ್ಣು ಬಿರಿದು ಉದುರುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಮತ್ತೆ ಮೆತ್ತಬೇಕು. ಒಲೆಗೂ ಅದೇ ಹಸಿ ಸೌದೆ, ಹಾಗಾಗಿ ಶಾಖಕ್ಕಿಂತ ಹೊಗೆಯೇ ಜಾಸ್ತಿ. ವಸಂತ ಬರುವ ತನಕ ಕಿಟಕಿಯನ್ನೇ ಕೊರೆಯುತ್ತಿರಲಿಲ್ಲ. ಗುಡಿಸಿ ಒಪ್ಪವಾಗಿಟ್ಟ ಈಗಿನ ಗುಡಿಸಲಿನಲ್ಲಿ ಈ ಹೊಗೆ, ಒದ್ದೆ ಕಂಬಳಿಯ ವಾಸನೆ ಊಹೆಗೆ ಬಿಟ್ಟದ್ದು. ಒಂದು ಅಂಕ ಇಲ್ಲಿ ಕಳೆಯಲೇಬೇಕು.

ಆಗಿನ ಗುಡಿಸಲುಗಳು ಸಾಲಿಗೆ ಎಂಟರಂತೆ, ಒಂದು ರೆಜಿಮೆಂಟಿಗೆ ಮೂರು-ನಾಲ್ಕು ಸಾಲು. ನಕ್ಷೆ ತಪ್ಪಿದ ಗುಡಿಸಲನ್ನು ಕೆಡವಿಸುವುದಾಗಿ ಆಜ್ಞೆಯಿತ್ತು. ಸಿಪಾಯಿಗಳದ್ದು ಮುಗಿದ ಮೇಲೆಯೇ ಅಧಿಕಾರಿಗಳ ಗುಡಿಸಲು, ಹಾಗಾಗಿ ಜನವರಿಯ ಭಾರೀ ಹಿಮಪಾತ ಬಡಿದಾಗ ಹಲವು ಅಧಿಕಾರಿಗಳು ಇನ್ನೂ ಡೇರೆಯಲ್ಲೇ ಇದ್ದರು.

ಊಟದ ಬಗ್ಗೆ ಇಲ್ಲಿ ಸಿಗುವ ವಿವರ ಸಾಲದು. 1775ರಲ್ಲಿ ಕಾಂಗ್ರೆಸ್ (ದಂಗೆ ಎದ್ದ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆ) ನಿಗದಿ ಮಾಡಿದ್ದ ಪಡಿಯಲ್ಲಿ ಆಳಿಗೆ ದಿನಕ್ಕೆ ಒಂದು ಪೌಂಡ್ ದನದ ಮಾಂಸ, ಇಲ್ಲವೇ ಮುಕ್ಕಾಲು ಪೌಂಡ್ ಹಂದಿಮಾಂಸ. ಜೊತೆಗೆ ಒಂದು ಪೌಂಡ್ ಬ್ರೆಡ್ಡು ಅಥವಾ ಹಿಟ್ಟು. ಹಿಮದಲ್ಲಿ ಗಾಡಿಗಳು ಸಿಕ್ಕಿಕೊಂಡಾಗ ಅದೂ ಇಲ್ಲ. ಹಿಟ್ಟು ಸಿಕ್ಕ ದಿನ ನೀರಲ್ಲಿ ಕಲಸಿ, ಕಾದ ಕಲ್ಲಿನ ಮೇಲೆ ತಟ್ಟಿ ಸುಟ್ಟ 'ಫೈರ್ ಕೇಕ್'. ಉಪ್ಪಿಲ್ಲ, ಹುಳಿ ಬಂದಿಲ್ಲ. ದಪ್ಪ ತಟ್ಟಿದರೆ ಹೊರಗೆ ಕರಕಲು, ಒಳಗೆ ಹಸಿ. ನಮ್ಮ ಅಕ್ಕಿರೊಟ್ಟಿ ಇದರ ಮುಂದೆ ರಾಜಭೋಗ.

ಹೋಗುವುದಾದರೆ ಜನವರಿ-ಫೆಬ್ರವರಿಯಲ್ಲಿ ಹೋಗಿ, ಎಲೆ ಉದುರಿ ಇಳಿಜಾರು ಪೂರ್ತಿ ಕಾಣುತ್ತದೆ. ನೀರು ಇಂಗದ, ಹಿಡಿತವಿರುವ ಬೂಟು ಬೇಕು. ಬೇಸಿಗೆಯಲ್ಲಾದರೆ ಉದ್ದ ಪ್ಯಾಂಟು ತೊಟ್ಟು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ, ಆ ಕಾಡಿನಲ್ಲಿ ರಕ್ತ ಹೀರುವ ಉಣ್ಣಿಗಳ ಕಾಟ. ಐದಕ್ಕೆ ನಾಲ್ಕು ಅಂಕ.