ಕಷಾಯಕ್ಕೆ ಜೋನಿ ಬೆಲ್ಲವೋ, ಸಿಹಿಗುಳಿಗೆಯೋ?

ಅಪ್ಪನಿಗೆ ಶುಗರ್ ಅಂತ ಗೊತ್ತಾದ ಮೇಲೆ ಸಾಗರದ ನಮ್ಮ ಮನೆಯಲ್ಲಿ ಕಷಾಯಕ್ಕೇನು ಹಾಕುವುದೆಂಬುದೇ ಪಂಚಾಯಿತಿ. ‘ಜೋನಿ ಬೆಲ್ಲ ಆದ್ರೆ ಏನೂ ಆಗ್ತಿಲ್ಲೆ’ ಅನ್ನುವ ನೆಂಟರಿಗೆ ಕೊರತೆಯಿಲ್ಲ. ಆಗುತ್ತದೆ. ನೀರುನೀರಾದ ಈ ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ತೊಡೆದೇವಿನಂಥ ಸಿಹಿತಿಂಡಿಗೆ ಸರಿ, ದಿನಕ್ಕೆ ಮೂರು ಲೋಟ ಕಷಾಯಕ್ಕಲ್ಲ.

ಇನ್ನು ಸಕ್ಕರೆ ಬದಲು ಹಾಕುವ ಸಿಹಿಗುಳಿಗೆಗಳು. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಆದರೆ ಕುದಿಸಿದರೆ ಸಿಹಿ ಹೋಗುತ್ತದೆ. ಅಮ್ಮ ಪಾತ್ರೆಗೇ ನಾಲ್ಕು ಹಾಕಿ ಕುದಿಸಿ, ‘ಸಪ್ಪೆ’ ಎಂದು ಮತ್ತೆರಡು ಹಾಕಿದ್ದಳು! ಸುಕ್ರಲೋಸ್ ಸುಮಾರು 600 ಪಟ್ಟು, ಕಷಾಯದ ಬಿಸಿಗೆ ಜಗ್ಗುವುದಿಲ್ಲ. ಸ್ಟೀವಿಯಾ ಎಲೆಯಿಂದ ಬಂದದ್ದು, ಆದರೆ ಕೊನೆಗೆ ನಾಲಿಗೆಯಲ್ಲಿ ಸಣ್ಣ ಕಹಿ.

ಹೆದರಿಕೆ ಹುಟ್ಟಿಸಿದ್ದು ಆಸ್ಪರ್ಟೇಮ್. 2023ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಅದೇ ಹೊತ್ತಿಗೆ ವಿಶ್ವಸಂಸ್ಥೆಯ ಆಹಾರ ಸಂಯೋಜಕಗಳ ತಜ್ಞ ಸಮಿತಿ ದಿನದ ಮಿತಿಯನ್ನು ದೇಹದ ತೂಕದ ಕಿಲೋಗೆ 40 ಮಿಲಿಗ್ರಾಂ ಎಂದೇ ಉಳಿಸಿತು. ಅರವತ್ತು ಕಿಲೋದ ಅಪ್ಪನಿಗೆ 2400 ಮಿಲಿಗ್ರಾಂ. ಫೀನೈಲ್‌ಕೀಟೋನೂರಿಯಾ (ಆಸ್ಪರ್ಟೇಮ್‌ನಲ್ಲಿರುವ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ) ಇದ್ದವರಿಗೆ ಮಾತ್ರ ಇದು ಬೇಡವೇ ಬೇಡ. ಲೇಬಲ್ಲಿನ ಸಣ್ಣಕ್ಷರದ ಎಚ್ಚರಿಕೆ ಅದಕ್ಕೇ.

ತೂಕ ಇಳಿಸಲೆಂದು ನೀವು ಗುಳಿಗೆ ಹುಡುಕುತ್ತಿದ್ದರೆ ಬಿಡಿ. 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದಕ್ಕೆ ಬೇಡ ಎಂದಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗಲ್ಲ. ಹಾಗಾಗಿ ಅಪ್ಪನಿಗೆ ಸುಕ್ರಲೋಸ್, ಅದೂ ಒಂದೇ ಲೋಟಕ್ಕೆ. ಉಳಿದೆರಡು ಲೋಟ ಸಪ್ಪೆ, ಜೀರಿಗೆ ತುಸು ಜಾಸ್ತಿ.