ಎಟಿಮ್‌ಆನ್‌ಲೈನ್: ಕೋಪದ ಒಂದು ಪದ ಹಿಡಿದು ನೋಡಿದಾಗ

ಇಂಗ್ಲಿಷ್ ಪದಗಳ ಹುಟ್ಟುಮೂಲ ಹುಡುಕಲು ಪುಕ್ಕಟೆಯಾಗಿ ಸಿಗುವ ತಾಣಗಳಲ್ಲಿ ಡಗ್ಲಾಸ್ ಹಾರ್ಪರ್ ಕಟ್ಟಿದ ಎಟಿಮ್‌ಆನ್‌ಲೈನ್ ಮೊದಲ ಸಾಲಿನದು. ಆದರೆ ಅದರ ಸಂಕೇತಗಳು ಗೊತ್ತಿಲ್ಲದೆ ಓದಿದರೆ ಎಡವುವುದೂ ಖಂಡಿತ. ‘ಲಿವಿಡ್’ ಪದವನ್ನೇ ನೋಡಿ.

ಕೆಂಡಾಮಂಡಲವಾದವರಿಗೆ ಬಳಸುವ ಪದ, ಹಾಗಾಗಿ ಮುಖ ಕೆಂಪೇರುವುದಕ್ಕೂ ಇದಕ್ಕೂ ಗಂಟು ಹಾಕುವವರುಂಟು. ತಾಣ ತೋರಿಸುವ ಬಣ್ಣವೇ ಬೇರೆ. ಲ್ಯಾಟಿನ್‌ನ ‘ಲಿವಿಡಸ್’ ಅಂದರೆ ಏಟು ಬಿದ್ದ ಚರ್ಮದ ಕಪ್ಪುನೀಲಿ. 15ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಸೀಸದಂಥ ನೀಲಿಯೇ. ಹೆಣದಲ್ಲಿ ರಕ್ತ ತಳಕ್ಕಿಳಿದು ಮೂಡುವ ಕಲೆಯನ್ನು ವೈದ್ಯರು ಈಗಲೂ ‘ಲಿವಿಡಿಟಿ’ ಎನ್ನುವುದು ಇದೇ ಅರ್ಥದಲ್ಲಿ. ಕಡುಕೋಪದ ಅರ್ಥಕ್ಕೆ ಕೊಟ್ಟಿರುವ ವರ್ಷ 1912. ‘ಕೋಪದಿಂದ ಲಿವಿಡ್ ಆದ’ ಎಂಬ ಮಾತಿನಲ್ಲಿ ‘ಕೋಪದಿಂದ’ ಉದುರಿಹೋಗಿ, ಬಣ್ಣವೇ ಕೋಪವಾಗಿ ನಿಂತಿತು. ಬೇರು ಹಿಡಿದು ಇಳಿದರೆ ರಷ್ಯನ್‌ನ ‘ಸ್ಲಿವಾ’, ಅಂದರೆ ಪ್ಲಮ್ ಹಣ್ಣು, ಇದರ ದಾಯಾದಿ! ಸದ್ದು ಹೋಲುವ ‘ಲಿವರ್’ ಮಾತ್ರ ಈ ಬಳಗದ್ದಲ್ಲ.

ಇನ್ನು ಸಂಕೇತಗಳು. ‘ಸಿ’ ಅಕ್ಷರ ಅಂಕಿಗಿಂತ ಮೊದಲು ಬಂದರೆ ‘ಸುಮಾರು’, ಅಂಕಿಯಾದ ಮೇಲೆ ಬಂದರೆ ‘ಶತಮಾನ’. ‘ಸಿ. 1400’ ಒಂದು ವರ್ಷದ ಆಸುಪಾಸು; ‘14ಸಿ.’ ಎಂದರೆ 1301ರಿಂದ 1400ರವರೆಗಿನ ಇಡೀ ನೂರು ವರ್ಷ. ತಪ್ಪು ಇಸವಿಗಳು ಹರಿದಾಡುವುದು ಇಂಥಲ್ಲೇ. ನಕ್ಷತ್ರ ಚಿಹ್ನೆ ಹೊತ್ತ ರೂಪ ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಮರಳಿ ಕಟ್ಟಿದ್ದು. ಇಸವಿಯೂ ಪದದ ಜನ್ಮದಿನವಲ್ಲ, ಬರಹದಲ್ಲಿ ಮೊದಲು ಕಂಡ ಕಾಲ. ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ಓಡಾಡಿರಬಹುದು.

ದೊಡ್ಡ ಕೊರತೆಯೆಂದರೆ ಪ್ರತಿ ಅರ್ಥಕ್ಕೂ ಮೂಲ ವಾಕ್ಯ ಕೊಡದಿರುವುದು. 1912 ಎಂದರೆ ಯಾರ ಬರಹ, ಯಾವ ಸಾಲು? ಅಂಥ ಪುರಾವೆ ಬೇಕಾದವರು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೇ ಹೋಗಬೇಕು, ಅದಕ್ಕೆ ಚಂದಾ ಬೇಕು.

ತಾಣದ ನಿಜವಾದ ಆಸ್ತಿ ಬೇರುಪದಗಳ ಪುಟಗಳು. ‘ಆ್ಯಂಗರ್’ನಿಂದ ಅದರ ಬೇರಿಗೆ ಹೋಗಿ: ಅರ್ಥ ಇಕ್ಕಟ್ಟು, ಹಿಸುಕು. ಎದೆ ಹಿಂಡುವ ನೋವು ‘ಆ್ಯಂಜೈನಾ’, ಭಯ ಎಂಬರ್ಥದ ಜರ್ಮನ್‌ನ ‘ಆಂಗ್ಸ್ಟ್’, ಸಂಸ್ಕೃತದ ‘ಅಂಹಸ್’ ಎಲ್ಲವೂ ಒಂದೇ ಪಂಕ್ತಿಯಲ್ಲಿ. ಪಾಪ ಎಂದಷ್ಟೇ ನಾವು ಓದಿಕೊಂಡ ಅಂಹಸ್ಸಿಗೆ ಸಂಕಟ ಎಂಬ ಅರ್ಥವೂ ಇದೆ. ‘ಆ್ಯಂಗರ್’ ಕೂಡ ಸ್ಕ್ಯಾಂಡಿನೇವಿಯದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಿಂದ ಹೊರಟಾಗ ಕೋಪವಾಗಿರಲಿಲ್ಲ, ದುಃಖವಾಗಿತ್ತು.