ಮಂಗಳೂರಿನ ಫ್ಲ್ಯಾಗ್ ಫುಟ್‌ಬಾಲ್ ತರಗತಿ: ಮೂರು ತಿಂಗಳ ಅನುಭವ

ಶ್ರವಣದೋಷವಿರುವ ನನ್ನ 11 ವರ್ಷದ ಮಗಳನ್ನು, ಎಲ್ಲ ಮಕ್ಕಳಿಗೂ ಸಮಾನ ಅವಕಾಶವಿದೆ ಎಂಬ ಭರವಸೆಯನ್ನು ನಂಬಿ, ಮಂಗಳೂರಿನ ಒಂದು ವಾರಾಂತ್ಯದ ಫ್ಲ್ಯಾಗ್ ಫುಟ್‌ಬಾಲ್ ತರಗತಿಗೆ ಸೇರಿಸಿ 3 ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಕದ್ರಿಯಿಂದ ಹೊರಡುವಾಗ ನನಗಿಂತ ಮೊದಲು ಅವಳೇ ಗೇಟಿನ ಬಳಿ ನಿಂತಿರುತ್ತಾಳೆ.

ಅಮೆರಿಕನ್ ಫುಟ್‌ಬಾಲ್‌ನಿಂದ ಹುಟ್ಟಿದ ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಜೊತೆಗಾರರಿಗೆ ಎಸೆಯಬೇಕು. ತಂಡಕ್ಕೆ 5 ಮಂದಿ. ಎದುರಾಳಿಯ ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಅವನ ಓಟ ಅಲ್ಲಿಗೇ ನಿಲ್ಲುತ್ತದೆ. 4 ಪ್ರಯತ್ನಗಳೊಳಗೆ ನಡುಗೆರೆಯನ್ನು ದಾಟಿದ ತಂಡಕ್ಕೆ ಅಂಕ ಗಳಿಸಲು ಇನ್ನೂ 4 ಪ್ರಯತ್ನಗಳು ದೊರೆಯುತ್ತವೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿಯ ಅಧಿವೇಶನವು ಕ್ರಿಕೆಟ್ಟಿನೊಂದಿಗೆ ಇದನ್ನೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು.

ತರಬೇತುದಾರರ ತಾಳ್ಮೆಯನ್ನು ಮನಸಾರೆ ಮೆಚ್ಚುತ್ತೇನೆ. ಕಬಡ್ಡಿಯಲ್ಲಿ ಪಳಗಿದ ನಮ್ಮೂರ ಮಕ್ಕಳ ಕೈ ಪಟ್ಟಿಯನ್ನು ಬಿಟ್ಟು ನೇರವಾಗಿ ಎದುರಾಳಿಯ ಮೈಗೇ ಹೋಗುತ್ತದೆ. ಹಾಗೆ ಹಿಡಿದಾಗಲೆಲ್ಲ ಅವರು ಆಟ ನಿಲ್ಲಿಸಿ, ತಪ್ಪು ಯಾವುದೆಂದು ತೋರಿಸಿ, ಅದೇ ಮಗುವಿನಿಂದ ಮತ್ತೊಮ್ಮೆ ಪಟ್ಟಿ ಕೀಳಿಸುತ್ತಾರೆ. ಚೆಂಡು ಎಸೆಯುವವರ ಮೇಲೆ ನುಗ್ಗುವ ಆಟಗಾರ 7 ಗಜ, ಎಂದರೆ ಸುಮಾರು 6.4 ಮೀಟರ್ ದೂರದಿಂದಲೇ ಹೊರಡಬೇಕೆಂಬ ನಿಯಮವನ್ನು ಅವರು ಬಣ್ಣದ ಕೋನ್‌ಗಳನ್ನಿಟ್ಟು ಪಾಲಿಸುವುದರಿಂದ, ನಿಧಾನವಾಗಿ ಯೋಚಿಸಿ ಎಸೆಯುವ ಮಗುವಿಗೂ ಬಿಡುವು ಸಿಗುತ್ತದೆ.

ಆದರೆ ಮೊದಲ 3 ವಾರ ಆಟ ನಿಲ್ಲಿಸಲು ಇದ್ದದ್ದು ಸೀಟಿ ಒಂದೇ. ಅದು ಕೇಳಿಸದ ನನ್ನ ಮಗಳು ಓಡುತ್ತಲೇ ಇದ್ದಳು, ಮಕ್ಕಳು ನಕ್ಕರು, ಅವಳು ತಲೆತಗ್ಗಿಸಿ ಹಿಂದಿರುಗಿದಳು. ಅರ್ಜಿಯಲ್ಲಿ ಅವಳ ಶ್ರವಣದೋಷವನ್ನು ಸ್ಪಷ್ಟವಾಗಿ ಬರೆದಿದ್ದೆ. ನಾನು ಹೋಗಿ ಕೇಳಿದ ಮೇಲೆ ಸೀಟಿಯ ಜೊತೆಗೆ ಕೆಂಪು ಬಟ್ಟೆಯನ್ನು ಎತ್ತಿ ತೋರಿಸುವ ಪದ್ಧತಿ ಬಂತು. ಪ್ರತಿ ಪ್ರಯತ್ನಕ್ಕೂ ಮೊದಲು ಆಟಗಾರರು ವೃತ್ತಾಕಾರವಾಗಿ ಕೂಡಿ ಮಾತಾಡಿಕೊಳ್ಳುವ ‘ಹಡಲ್’ ಆರಂಭವಾದದ್ದೇ 1890ರ ದಶಕದಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಎಂಬ ಕಿವುಡರ ಕಾಲೇಜಿನಲ್ಲಿ, ತಮ್ಮ ಸನ್ನೆಗಳು ಎದುರಾಳಿಗಳಿಗೆ ಕಾಣದಿರಲೆಂದು, ಎಂದು ಹೇಳುತ್ತಾರೆ. ಇದನ್ನು ತಿಳಿಸಿದ ದಿನ ತರಬೇತುದಾರರು ಹಡಲ್‌ನ ನಡುವೆ ನನ್ನ ಮಗಳನ್ನೇ ನಿಲ್ಲಿಸಿ, ನಾಲ್ಕು ಸನ್ನೆಗಳನ್ನು ಎಲ್ಲರಿಗೂ ಅವಳಿಂದ ಕಲಿಸಿದರು.

ಇನ್ನೊಂದು ಕೊರತೆ ಉಳಿದಿದೆ. ಎಲ್ಲರೂ ಸರದಿಯಂತೆ ಚೆಂಡು ಎಸೆಯಬೇಕೆಂಬ ಮಾತು ಅಭ್ಯಾಸದಲ್ಲಿ ನಡೆಯುತ್ತದೆ, ಪಂದ್ಯದಲ್ಲಿ ಮರೆತುಹೋಗುತ್ತದೆ; ಆಗ ಚುರುಕಾದ ಇಬ್ಬರು ಹುಡುಗರೇ ಎಲ್ಲವನ್ನೂ ಎಸೆಯುತ್ತಾರೆ. ಬೌದ್ಧಿಕ ಅಂಗವೈಕಲ್ಯವಿರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಪಂದ್ಯಗಳಲ್ಲಿ, ಬಲ್ಲವರು ಆಟವನ್ನು ತಾವೇ ಆವರಿಸಿಕೊಳ್ಳಬಾರದೆಂಬ ಸ್ಪಷ್ಟ ಅಪೇಕ್ಷೆಯಿದೆ. ಇಲ್ಲಿಯೂ ಅದು ಬೇಕು.

ಮುಂದಿನ ಅವಧಿಗೂ ಮಗಳ ಹೆಸರು ಬರೆಸಿದ್ದೇನೆ. ಪಂದ್ಯಗಳಲ್ಲಿ ಎಸೆತದ ಸರದಿಯನ್ನು ಬರೆದಿಡಬೇಕೆಂದೂ, ಕೆಂಪು ಬಟ್ಟೆಯನ್ನು ಬದಲಿ ತರಬೇತುದಾರರ ಕೈಗೂ ಕೊಡಬೇಕೆಂದೂ ಅರ್ಜಿಯ ಜೊತೆಗೆ ಪತ್ರವೊಂದನ್ನು ಕೊಟ್ಟಿದ್ದೇನೆ.